ಇಂಟರ್ನೆಟ್ ಕನೆಕ್ಷನ್ ಬದಲಾಯಿಸೋರು ಹಳೇ ಕಂಪನಿಗೆ ಫೋನ್ ಮಾಡೋ ಮುಂಚೆ ಇದನ್ನ ಓದಿ

ಹೊಸ ಕನೆಕ್ಷನ್ ತಗೊಳ್ಳೋದು ಕಷ್ಟ ಅಲ್ಲ, ಒಂದು ಫೋನ್ ಮಾಡಿದ್ರೆ ಮನೆ ಬಾಗಿಲಿಗೇ ಬರ್ತಾರೆ, ಹಳೇದನ್ನ ಬಿಡಿಸ್ಕೊಳ್ಳೋದಿದ್ಯಲ್ಲ, ಅದು ತಲೆನೋವು. ಒಂದು ಒತ್ತಿ ಎರಡು ಒತ್ತಿ ಅಂತ ಸುತ್ತಾಡಿಸಿ ಕೊನೆಗೆ ಯಾರೋ ಸಿಕ್ಕಿದ್ರೆ ಅವ್ರು ಇನ್ನೊಬ್ರಿಗೆ ಟ್ರಾನ್ಸ್‌ಫರ್ ಮಾಡ್ತಾರೆ, ಅವ್ರು ಮತ್ತೆ ಹೆಸರು, ಅಡ್ರೆಸ್, ಅಕೌಂಟ್ ನಂಬರ್ ಅಂತ ಮೊದಲಿಂದ ಶುರು ಮಾಡ್ತಾರೆ. ಎಷ್ಟೋ ಜನ ಇಲ್ಲೇ ಸುಸ್ತಾಗಿ, ಬೇಡದಿರೋ ಸರ್ವಿಸ್‌ಗೆ ತಿಂಗಳಾ ತಿಂಗಳಾ ದುಡ್ಡು ಕಟ್ತಾ ಇರ್ತಾರೆ. ನಂಗೆ ತುಂಬಾ ಬೇಜಾರಾಗೋದು ಅದಕ್ಕೇ.

ಫೋನ್ ಎತ್ಕೊಳ್ಳೋ ಮುಂಚೆ ಎರಡು ನೋಡ್ಕೊಳ್ಳಿ. ಕಾಂಟ್ರ್ಯಾಕ್ಟ್ ಯಾವತ್ತು ಮುಗಿಯುತ್ತೆ, ಬಿಡೋಕೆ ಎಷ್ಟು ದಿನ ಮುಂಚೆ ನೋಟಿಸ್ ಕೊಡ್ಬೇಕು. ಮಧ್ಯದಲ್ಲೇ ಬಿಟ್ರೆ ಕೆಲವು ಕಡೆ ಚಾರ್ಜ್ ಹಾಕ್ತಾರೆ, ಆ ಮೊತ್ತ ನಿಮಗೆ ಮೊದಲೇ ಗೊತ್ತಿದ್ರೆ ಫೋನಲ್ಲಿ ಯಾರೂ ಹೆದರಿಸೋಕಾಗಲ್ಲ.

ಇನ್ನು ಹೊಸ ಲೈನ್ ಬಂದು ಸರಿಯಾಗಿ ಓಡ್ತಿದೆ ಅಂತ ಖಾತ್ರಿ ಆಗೋವರೆಗೂ ಹಳೇದನ್ನ ಕಟ್ ಮಾಡಿಸ್ಬೇಡಿ, ಕೆಲವು ದಿನ ಎರಡಕ್ಕೂ ದುಡ್ಡು ಹೋದ್ರೂ ಪರವಾಗಿಲ್ಲ. ಹಳೇ ಲೈನ್ ಜೊತೆ ಫೋನ್ ನಂಬರ್ ಇದ್ದು ಅದು ನಿಮಗೆ ಬೇಕು ಅಂದ್ರಂತೂ ಆ ಅವಕಾಶ ಇರೋ ಕಡೆ ಮೊದಲು ಹೊಸ ಕಂಪನಿ ಮೂಲಕ ನಂಬರ್ ಪೋರ್ಟ್ ಆಗ್ಲಿ, ಅಂದ್ರೆ ಅದೇ ನಂಬರ್ ಹೊಸ ಕಂಪನಿಗೆ ಬರ್ಲಿ, ಕ್ಯಾನ್ಸಲ್ ಆದ್ಮೇಲೆ ಆ ನಂಬರ್ ವಾಪಸ್ ಸಿಗೋದು ಬಹಳ ಕಷ್ಟ. ಹಳೇ ಕಂಪನಿ ಕೊಟ್ಟಿರೋ ಇಮೇಲ್ ಐಡಿನ ಬ್ಯಾಂಕಿಗೋ ಇನ್ನೆಲ್ಲಿಗೋ ಕೊಟ್ಟಿದ್ರೆ ಅದನ್ನೂ ಮೊದಲೇ ಬದಲಾಯಿಸಿ.

ಈಗ ಫೋನ್ ವಿಷ್ಯ. ಬಿಡ್ತೀನಿ ಅಂದ ತಕ್ಷಣ ನಿಮ್ಮ ಕಾಲ್ ಹೋಗೋದು ರಿಟೆನ್ಷನ್ ಟೀಮ್‌ಗೆ, ಅಂದ್ರೆ ಗಿರಾಕಿ ಕೈ ತಪ್ಪದ ಹಾಗೆ ನೋಡ್ಕೊಳ್ಳೋದೇ ಅವ್ರ ಕೆಲಸ. ಯಾಕೆ ಬಿಡ್ತಿದೀರಾ, ಏನ್ ತೊಂದ್ರೆ, ಅರ್ಧ ರೇಟಿಗೆ ಕೊಡ್ತೀವಿ ಅಂತ ಕೇಳ್ತಾನೇ ಇರ್ತಾರೆ. ಕಾರಣ ವಿವರಿಸೋಕೆ ಹೋಗ್ಬೇಡಿ, ಒಂದೊಂದು ಕಾರಣಕ್ಕೂ ಅವ್ರ ಹತ್ರ ಒಂದೊಂದು ಉತ್ತರ ರೆಡಿ ಇರುತ್ತೆ. "ನಿರ್ಧಾರ ಆಗಿದೆ, ಇಂಥ ತಾರೀಖಿಂದ ಕ್ಯಾನ್ಸಲ್ ಮಾಡಿ, ರೆಫರೆನ್ಸ್ ನಂಬರ್ ಕೊಡಿ" ಅಂತ ಅದನ್ನೇ ಸಮಾಧಾನವಾಗಿ ಹೇಳ್ತಾ ಇರಿ. ಆಫರ್ ನಿಜಕ್ಕೂ ಚೆನ್ನಾಗಿದೆ ಅನ್ಸಿದ್ರೆ ಇಮೇಲ್‌ನಲ್ಲಿ ಕಳ್ಸಿ, ನೋಡಿ ಹೇಳ್ತೀನಿ ಅನ್ನಿ. ಕಿರುಚಾಡೋದು ಮಾತ್ರ ಬೇಡ, ಲೈನಲ್ಲಿರೋ ಹುಡುಗನೋ ಹುಡುಗಿನೋ ಆ ರೂಲ್ಸ್ ಮಾಡಿದೋರಲ್ಲ, ದಿನವಿಡೀ ಬೈಸ್ಕೊಂಡು ಕೂತಿರ್ತಾರೆ ಪಾಪ.

ಕಾಲ್ ಇಟ್ಟ ತಕ್ಷಣ ತಾರೀಖು, ಟೈಮು, ಮಾತಾಡಿದೋರ ಹೆಸರು, ರೆಫರೆನ್ಸ್ ನಂಬರ್ ಎಲ್ಲಾ ಸೇರಿಸಿ ನೀವೇ ಅವ್ರಿಗೊಂದು ಇಮೇಲ್ ಹಾಕಿ, "ಈಗ ಮಾತಾಡಿದ ಪ್ರಕಾರ ಇಂಥ ದಿನ ಕನೆಕ್ಷನ್ ಕಟ್ ಆಗ್ಬೇಕು" ಅಂತ. ಬಾಯಲ್ಲಿ ಹೇಳಿದ್ದು ನಾಳೆ ಸಿಸ್ಟಮ್‌ನಲ್ಲಿ ಕಾಣಿಸ್ತಿಲ್ಲ ಸರ್ ಅಂತಾರೆ, ಬರೆದಿದ್ದನ್ನ ಇಲ್ಲ ಅನ್ನೋಕಾಗಲ್ಲ. ಚಾಟ್‌ನಲ್ಲಿ ಮಾತಾಡಿದ್ರೆ ವಿಂಡೋ ಮುಚ್ಚೋ ಮುಂಚೆ ಸ್ಕ್ರೀನ್‌ಶಾಟ್ ತಗೊಳ್ಳಿ.

ರೂಟರ್ ಅವ್ರದ್ದಾದ್ರೆ ವಾಪಸ್ ಕೊಡೋವಾಗ ಸೀರಿಯಲ್ ನಂಬರ್ ಕಾಣೋ ಹಾಗೆ ಫೋಟೋ ತೆಗೀರಿ, ರಸೀದಿ ಇಸ್ಕೊಳ್ದೆ ಕೈಗೆ ಕೊಡ್ಬೇಡಿ. ಡೆಪಾಸಿಟ್ ಹಿಡ್ಕೊಳ್ಳೋಕೆ ಅಥವಾ ಹೊಸ ಚಾರ್ಜ್ ಹಾಕೋಕೆ ರೂಟರ್ ಬಂದಿಲ್ಲ ಅನ್ನೋ ಒಂದು ಮಾತು ಸಾಕು.

ಆಟೋಪೇ ನಿಲ್ಲಿಸಿದ್ರೆ ಕನೆಕ್ಷನ್ ತಾನಾಗೇ ಕ್ಯಾನ್ಸಲ್ ಆಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಾಗೇನೂ ಇಲ್ಲ, ಪೋಸ್ಟ್‌ಪೇಯ್ಡ್ ಆದ್ರೆ ಬಿಲ್ ಬೆಳೀತಾನೇ ಹೋಗುತ್ತೆ, ಆಮೇಲೆ ವಸೂಲಿಯೋರು ಫೋನ್ ಮಾಡ್ತಾರೆ. ಫೈನಲ್ ಬಿಲ್ ಕಟ್ಟಿ, ಬಾಕಿ ಏನೂ ಇಲ್ಲ ಅಂತ ಬರಹದಲ್ಲಿ ತಗೊಂಡು, ಆಮೇಲೆ ಆಟೋಪೇ ತೆಗೀರಿ.

ಕರೆಂಟು, ಗ್ಯಾಸ್ ಕಂಪನಿ ಬದಲಾಯಿಸೋ ಅವಕಾಶ ಇರೋ ಕಡೆ ಇಷ್ಟು ಗೋಳಿಲ್ಲ, ಅದೇ ತಂತಿ ಅದೇ ಪೈಪು, ಬಿಲ್ ಕೊಡೋರು ಮಾತ್ರ ಬೇರೆ. ಅಲ್ಲಿ ಜಗಳ ಆಗೋದು ರೀಡಿಂಗ್ ಮೇಲೆ, ಬದಲಾಗೋ ದಿನ ಮೀಟರ್ ಫೋಟೋ ತೆಗೆದಿಡಿ.

ಇಷ್ಟೆಲ್ಲಾ ಆದ್ಮೇಲೂ ದುಡ್ಡು ಕಟ್ ಆಗ್ತಿದ್ರೆ ಮತ್ತೆ ಕಸ್ಟಮರ್ ಕೇರ್‌ಗೇ ಫೋನ್ ಮಾಡ್ಬೇಡಿ. ಕಂಪನಿಯ ದೂರು ವಿಭಾಗಕ್ಕೆ ಬರೀರಿ, ಅವ್ರು ಹೇಳಿದ ಗಡುವೊಳಗೆ ಉತ್ತರ ಬರ್ಲಿಲ್ಲ ಅಂದ್ರೆ ಅದೇ ಇಮೇಲ್‌ಗಳನ್ನ ಜೋಡಿಸಿ ಆ ಸೇವೆ ಮೇಲೆ ನಿಗಾ ಇಡೋ ಸರ್ಕಾರಿ ಸಂಸ್ಥೆಗೋ ಗ್ರಾಹಕರ ಕೋರ್ಟಿಗೋ ಹೋಗಿ, ಬ್ಯಾಂಕಿಗೂ ಹೇಳಿ ಆ ಪೇಮೆಂಟ್ ತಡೆಹಿಡಿಸಿ.