ವರ್ಡ್‌ನಲ್ಲಿ ಕನ್ನಡದ ಫಾಂಟ್ ನಿಲ್ಲದಿದ್ದಾಗ: ನನ್ನ ಅನುಭವ

ಅಮ್ಮನ ಅಡುಗೆ ಟಿಪ್ಪಣಿ ಟೈಪ್ ಮಾಡುತ್ತಿದ್ದೆ. ನಾರ್ಮಲ್ ಸ್ಟೈಲ್‌ಗೆ (ಸಾಮಾನ್ಯ ಬರಹದ ಫಾಂಟ್, ಅಳತೆಗಳ ಸಿದ್ಧ ಮಾದರಿ) ನೋಟೋ ಸೆರಿಫ್ ಕನ್ನಡ ಫಾಂಟ್, 14 ಪಾಯಿಂಟ್ ಕೊಟ್ಟೆ. ಇಂಗ್ಲಿಷ್ ಪದಗಳೇನೋ ದೊಡ್ಡದಾದವು. ‘ಹುಳಿ’, ‘ಗೊಜ್ಜು’ ಮಾತ್ರ ಮೊದಲಿದ್ದ ತುಂಗಾ ಫಾಂಟ್‌ನಲ್ಲೇ, 11ರಲ್ಲೇ ಉಳಿದವು. ಎರಡು ಸಂಜೆ ಸುಮ್ನೆ ಹೋಯಿತು.

ಆಮೇಲೆ ಗೊತ್ತಾಯಿತು. ವರ್ಡ್ ಒಂದೇ ಸ್ಟೈಲ್‌ನಲ್ಲಿ ಲ್ಯಾಟಿನ್ ಲಿಪಿಗೊಂದು, ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೊಂದು (ಅಕ್ಷರಗಳು ಕೂಡಿ ರೂಪ ಬದಲಿಸುವಂಥ ಲಿಪಿಗೆ) ಫಾಂಟ್ ಇಟ್ಟುಕೊಳ್ಳುತ್ತದೆ. ಕನ್ನಡ ಎರಡನೆಯದಕ್ಕೆ ಸೇರುತ್ತದೆ. ನಾನು ಬದಲಿಸಿದ್ದು ಮೊದಲನೆಯದನ್ನು ಮಾತ್ರ!

ನಾರ್ಮಲ್ ಮೇಲೆ ರೈಟ್ ಕ್ಲಿಕ್, ಮಾಡಿಫೈ, ಫಾರ್ಮ್ಯಾಟ್, ಫಾಂಟ್. ಅಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಕೆಳಗೆ ಫಾಂಟ್, ಅಳತೆ ಎರಡನ್ನೂ ಕೊಟ್ಟೆ. ‘ನ್ಯೂ ಡಾಕ್ಯುಮೆಂಟ್ಸ್ ಬೇಸ್ಡ್ ಆನ್ ದಿಸ್ ಟೆಂಪ್ಲೇಟ್’ ಆರಿಸಿದೆ. ಇದನ್ನು ಬಿಟ್ಟರೆ ಮುಂದಿನ ಫೈಲ್‌ನಲ್ಲಿ ಮತ್ತೆ ಅದೇ ಗೋಳು. ಹಳೆಯ ಸಾಲುಗಳನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್–ಸ್ಪೇಸ್ ಒತ್ತಿದೆ; ಅವುಗಳಿಗೆ ಬೇರೆಯಾಗಿ ಅಂಟಿಕೊಂಡಿದ್ದ ಫಾಂಟ್ ಹೋಗಿ ಸ್ಟೈಲ್‌ನದೇ ಬಂತು. ‘ಗೊಜ್ಜು’ವಿನ ಒತ್ತಕ್ಷರ ಈಗ ಅಮ್ಮನಿಗೆ ಕನ್ನಡಕವಿಲ್ಲದೆ ಕಾಣುತ್ತಿದೆ.