ಡಿಗ್ರಿ ಮೂರು ವರ್ಷ, ತಂಡ ಕಟ್ಟೋಕೂ ಅಷ್ಟೇ ಟೈಮು

ನಮ್ಮ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ‘ಹೆಡ್ ಕೋಚ್’ ಅನ್ನೋ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲ. ಅಮೆರಿಕದ ದೊಡ್ಡ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೆಡ್ ಕೋಚ್ ಇರುತ್ತಾರೆ, ಅವರ ಜೊತೆ ಅಸಿಸ್ಟೆಂಟ್‌ಗಳು, ಫಿಸಿಯೋ, ಮ್ಯಾಚ್ ವಿಡಿಯೋ ನೋಡೋಕೇ ಬೇರೆ ಜನ. ಇಲ್ಲಿ ಇರೋದು ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಮಕ್ಕಳ ಬಾಯಲ್ಲಿ ಪಿಟಿ ಸರ್ ಅಥವಾ ಪಿಟಿ ಮೇಡಂ. ಕಬಡ್ಡಿಗೂ ಅವರೇ, ಚೆಸ್‌ಗೂ ಅವರೇ, ಸ್ಪೋರ್ಟ್ಸ್ ಡೇ ಶಾಮಿಯಾನಕ್ಕೂ ಅವರೇ. ಬ್ಯಾಸ್ಕೆಟ್‌ಬಾಲ್‌ಗೆ ಬೇರೆ ಕೋಚ್ ಬೇಕು ಅಂದರೆ ಗೌರವಧನ ಕೊಟ್ಟು ಹೊರಗಿನಿಂದ ಕರೆಸುತ್ತಾರೆ. ನಾನು ಹಾಗೆ ಒಳಗೆ ಬಂದವಳು.

ದಾರಿ ಹೇಗೆ ಅಂತ ತುಂಬಾ ಹುಡುಗಿಯರು ಕೇಳುತ್ತಾರೆ, ಅದಕ್ಕೆ ಚುಟುಕಾಗಿ ಹೇಳಿಬಿಡುತ್ತೇನೆ. ದೈಹಿಕ ಶಿಕ್ಷಣದ ಡಿಗ್ರಿಗಳಾದ ಬಿಪಿಎಡ್, ಎಂಪಿಎಡ್ ಮಾಡಿಕೊಳ್ಳಿ. ಕಾಲೇಜಿನಲ್ಲಿ ಕಾಯಂ ಹುದ್ದೆ ಬೇಕಿದ್ದರೆ ಎಂಪಿಎಡ್‌ನಲ್ಲಿ 55% ಮತ್ತು ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಕೋಚ್ ಅಂತ ಹೇಳಿಕೊಳ್ಳೋಕೆ ಎನ್ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋರ್ಸ್ ಬೇಕು. ಮನೆ, ಮಕ್ಕಳು ಅಂತ ಇರೋರಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ. ನಾನು ಮೊದಲು ಮಾಡಿದ್ದು ಅದನ್ನೇ, ಡಿಪ್ಲೊಮಾ ಆಮೇಲೆ. ಇಷ್ಟೆಲ್ಲ ಆದಮೇಲೂ ಮೊದಲ ಕೆಲವು ವರ್ಷ ಕಾಲೇಜಿನ ಗೌರವಧನದಲ್ಲಿ ಮನೆ ಬಾಡಿಗೆ ಕಟ್ಟೋಕಾಗಲ್ಲ. ನನ್ನ ಮನೆ ನಡೆದದ್ದು ಬೆಳಗ್ಗೆ ಚಿಕ್ಕ ಮಕ್ಕಳ ಕೋಚಿಂಗ್‌ನಿಂದ, ಏಪ್ರಿಲ್-ಮೇ ಬೇಸಿಗೆ ಶಿಬಿರದಿಂದ. ಈಗಲೂ ಶಿಬಿರ ಬಿಟ್ಟಿಲ್ಲ.

ಕಾಲೇಜು ತಂಡದ ನಿಜವಾದ ಕಷ್ಟ ಬೇರೆ. ಕ್ಲಬ್ಬಿನಲ್ಲಾದರೆ ಒಬ್ಬ ಹುಡುಗಿ ಹತ್ತು ವರ್ಷ ಇರುತ್ತಾಳೆ. ನನಗೆ ಸಿಗೋದು ಮೂರು ವರ್ಷ. ಅದರಲ್ಲೂ ಸೆಮಿಸ್ಟರ್ ಪರೀಕ್ಷೆ, ಇಂಟರ್ನಲ್ಸ್, ಮಳೆ, ಊರ ಹಬ್ಬ ಕಳೆದರೆ ಉಳಿಯೋದು ಇನ್ನೂ ಕಡಿಮೆ. ಪ್ರತಿ ವರ್ಷ ತಂಡದ ಮೂರನೇ ಒಂದು ಭಾಗ ಎದ್ದು ಹೋಗುತ್ತದೆ, ಹೋಗೋರು ಯಾವಾಗಲೂ ಚೆನ್ನಾಗಿ ಆಡೋಕೆ ಶುರು ಮಾಡಿದವರೇ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್ಇಪಿ) ಬಂದು ನಾಲ್ಕನೇ ವರ್ಷ ಆನರ್ಸ್ ಅಂದಾಗ ನಮ್ಮಂಥ ಕೋಚ್‌ಗಳಿಗೆ ಒಳಗೊಳಗೇ ಖುಷಿ. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಅದರ ಶೈಕ್ಷಣಿಕ ಸರಿ-ತಪ್ಪು ನನಗೆ ಬೇಡ, ನನಗೆ ಹೋದದ್ದು ಒಂದು ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸೋ ಹುಡುಗಿ.

ಹಾಗಾಗಿ ಬ್ಯಾಸ್ಕೆಟ್‌ಬಾಲ್ ಗೊತ್ತಿರೋ ಹುಡುಗಿಗಾಗಿ ನಾನು ಕಾಯೋದಿಲ್ಲ. ಚಿಕ್ಕಂದಿನಿಂದ ಆಡಿದವರು, ಕ್ರೀಡಾ ಹಾಸ್ಟೆಲ್‌ನಲ್ಲಿ ಬೆಳೆದವರು, ಫೀಸು ಮಾಫಿ ಮಾಡೋ ದೊಡ್ಡ ಕಾಲೇಜುಗಳಿಗೆ ಹೋಗುತ್ತಾರೆ. ಹೋಗಲಿ ಬಿಡಿ, ಅವರಿಗೂ ಒಳ್ಳೆಯದೇ. ನಾನು ಅಡ್ಮಿಷನ್ ಟೈಮಲ್ಲಿ ಆಫೀಸ್ ಕೌಂಟರ್ ಹತ್ತಿರ ನಿಂತು ಎತ್ತರ ಇರೋರನ್ನು ನೋಡುತ್ತೇನೆ, ಆಮೇಲೆ ಕೇಳೋದು ಒಂದೇ ಪ್ರಶ್ನೆ: ಸ್ಕೂಲಲ್ಲಿ ಏನು ಆಡ್ತಿದ್ದೆ? ಖೋಖೋ ಅಂದರೆ ಮೊದಲು ಹೆಸರು ಬರೆದುಕೊಳ್ಳುತ್ತೇನೆ. ಮಂಡಿ ಬಗ್ಗಿಸಿ ಓಡುವುದು, ಫಕ್ಕನೆ ದಿಕ್ಕು ಬದಲಿಸುವುದು ಅವರಿಗೆ ಯಾರೂ ಕಲಿಸಬೇಕಿಲ್ಲ. ಡಿಫೆನ್ಸ್ ಅರ್ಧ ಅಲ್ಲೇ ಮುಗಿಯಿತು.

ನಮ್ಮ ಸ್ಕೂಲುಗಳಲ್ಲಿ ಹೆಣ್ಣುಮಕ್ಕಳಿಗೆ ಅಂತ ಜಾಸ್ತಿ ಆಡಿಸೋದು ಥ್ರೋಬಾಲ್. ಅದನ್ನು ಕೀಳಾಗಿ ನೋಡೋ ಕೋಚ್‌ಗಳಿದ್ದಾರೆ, ನನಗೆ ಒಪ್ಪಿಗೆ ಇಲ್ಲ. ಥ್ರೋಬಾಲ್ ಹುಡುಗಿಯ ಕೈಯಿಂದ ಬಾಲ್ ಜಾರೋದಿಲ್ಲ. ಭುಜದ ಮೇಲಿಂದ ಒಂದೇ ಕೈಯಲ್ಲಿ ಎಸೆದು ಎಸೆದು ಆ ತೋಳಿಗೆ ಒಂದು ಶಕ್ತಿ ಬಂದಿರುತ್ತದೆ. ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಬಾಲ್, ಹಿಡಿದ ತಕ್ಷಣ ಅದೇ ಥ್ರೋವನ್ನು ಅರ್ಧ ಕೋರ್ಟ್ ಆಚೆಗೆ ಎಸೆ ಅಂತ ಹೇಳಿಕೊಟ್ಟರೆ ನಿಮ್ಮ ಫಾಸ್ಟ್ ಬ್ರೇಕ್ (ಎದುರಾಳಿ ಸೇರೋ ಮೊದಲೇ ಮಾಡೋ ದಾಳಿ) ರೆಡಿ. ತೊಂದರೆ ಒಂದೇ. ಬಾಲ್ ಹಿಡಿದ ಕೂಡಲೇ ಕಂಬದ ಹಾಗೆ ನಿಂತುಬಿಡುತ್ತಾರೆ, ಮೂರು ಸೆಕೆಂಡಿನಲ್ಲಿ ಎಸೆಯಬೇಕು ಅನ್ನೋ ರೂಲು ತಲೆಯಲ್ಲಿ ಕೂತಿರುತ್ತದೆ. ಅದಕ್ಕೆ ಶುರುವಿನ ವಾರಗಳಲ್ಲಿ ಜಂಪ್ ಸ್ಟಾಪ್ (ಎರಡೂ ಕಾಲಲ್ಲಿ ಒಟ್ಟಿಗೆ ಇಳಿದು ನಿಲ್ಲೋದು), ಪಿವಟ್ (ಒಂದು ಕಾಲು ಊರಿ ತಿರುಗೋದು), ಒಂದು ಡ್ರಿಬಲ್, ಮತ್ತೆ ಜಂಪ್ ಸ್ಟಾಪ್. ಬೋರ್ ಆಗುತ್ತೆ ಮೇಡಂ ಅಂತಾರೆ. ಆಗಲಿ.

ಮೊದಲ ಸೆಮಿಸ್ಟರ್‌ನಲ್ಲಿ ತ್ರೀ ಪಾಯಿಂಟ್ ಲೈನ್ ಹತ್ತಿರ ಯಾರಿಗೂ ಶೂಟ್ ಮಾಡೋಕೆ ಬಿಡಲ್ಲ. 6.75 ಮೀಟರ್ ದೂರದಿಂದ ಹೊಸಬರು ಎಸೆಯುವಾಗ ಇಡೀ ಮೈ ತಿರುಚಿ, ಸೊಂಟದಿಂದ ಬಾಲ್ ದೂಡುತ್ತಾರೆ, ಆ ಅಭ್ಯಾಸ ಕೂತರೆ ಬಿಡಿಸೋಕೆ ಎರಡು ವರ್ಷ ಬೇಕು, ಎರಡು ವರ್ಷ ನನ್ನ ಹತ್ತಿರ ಇಲ್ಲ. ಎರಡೂ ಕೈಯಲ್ಲಿ ಲೇ-ಅಪ್ (ಓಡಿ ಬಂದು ಬುಟ್ಟಿ ಹತ್ತಿರದಿಂದ ಹಾಕೋದು), ಬಾಕ್ಸ್ ಔಟ್ (ರಿಬೌಂಡ್‌ಗಾಗಿ ಎದುರಾಳಿಯನ್ನು ಬೆನ್ನಿನ ಹಿಂದೆ ತಡೆಯೋದು), ಮ್ಯಾನ್ ಟು ಮ್ಯಾನ್ ಡಿಫೆನ್ಸ್ (ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯೋದು). ಅಷ್ಟೇ. ಇನ್ನೊಂದು ವಿಷಯ, ಹೆಣ್ಣುಮಕ್ಕಳ ಬಾಲ್ 6ನೇ ಸೈಜಿನದು. ಸ್ಟೋರ್ ರೂಮಿನಲ್ಲಿ ಹುಡುಗರ 7ನೇ ಸೈಜಿನದೇ ಇದೆ, ಅದರಲ್ಲೇ ಆಡಿಸಿ ಅಂತ ಹೇಳೋರು ಇರುತ್ತಾರೆ. ಜಗಳ ಆಡಿಯಾದರೂ 6ನೇ ಸೈಜು ತರಿಸಿಕೊಳ್ಳಿ.

2-3 ಝೋನ್ (ಮುಂದೆ ಇಬ್ಬರು, ಬುಟ್ಟಿ ಹತ್ತಿರ ಮೂವರು ತಂತಮ್ಮ ಜಾಗ ಕಾಯೋ ಡಿಫೆನ್ಸ್) ಆಡಿಸಿದರೆ ಇಂಟರ್ ಕಾಲೇಜಿಯೇಟ್ ಗೆಲ್ಲಬಹುದು, ಸುಳ್ಳಲ್ಲ. ಅಲ್ಲಿ ಹೊರಗಿನಿಂದ ಶೂಟ್ ಮಾಡೋರು ಕಡಿಮೆ, ಬುಟ್ಟಿ ಕೆಳಗೆ ಗುಂಪು ಕಟ್ಟಿ ನಿಂತರೆ ಸಾಕು. ಆದರೆ ಅಲ್ಲಿಂದ ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದವರು ಹೋಗೋದು ದಕ್ಷಿಣದ ಯೂನಿವರ್ಸಿಟಿಗಳ ಸೌತ್ ಝೋನ್ ಟೂರ್ನಿಗೆ. ಚೆನ್ನೈ, ಕೇರಳದ ತಂಡಗಳ ಮುಂದೆ ಝೋನ್ ಡಿಫೆನ್ಸ್ ಹಾಕಿ ನಿಂತರೆ ಮೂಲೆಯಿಂದ ತ್ರೀ ಮೇಲೆ ತ್ರೀ ಬೀಳುತ್ತದೆ. ಸೌತ್ ಝೋನ್‌ನಿಂದ ಆಲ್ ಇಂಡಿಯಾ ಟೂರ್ನಿಗೆ ಹೋಗೋದು ನಾಲ್ಕು ತಂಡ ಮಾತ್ರ. ಆ ನಾಲ್ಕರಲ್ಲಿ ಕೂರಬೇಕಾದರೆ ಮ್ಯಾನ್ ಟು ಮ್ಯಾನ್ ಬರಲೇಬೇಕು. ಅದಕ್ಕಾಗಿ ಒಂದೆರಡು ಕಪ್ ಹೋದರೂ ಚಿಂತೆ ಇಲ್ಲ ಅನ್ನೋದು ನನ್ನ ಲೆಕ್ಕ. ಪ್ರಿನ್ಸಿಪಾಲರ ಲೆಕ್ಕ ಬೇರೆ ಇರುತ್ತದೆ, ಅವರಿಗೆ ಶೋಕೇಸಿಗೆ ಕಪ್ ಬೇಕು.

ಎತ್ತರ ಇಲ್ಲ ಅಂತ ಕೊರಗೋರಿಗೆ ನಾನು ಜಪಾನ್ ತೋರಿಸುತ್ತೇನೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಮಹಿಳಾ ತಂಡ ಕಜಕಿಸ್ತಾನವನ್ನು ಸೋಲಿಸಿ ಏಷ್ಯಾ ಕಪ್ ಬಿ ಡಿವಿಷನ್ ಗೆದ್ದಿತು, ಆ ಕೂಗಾಟ ಇವತ್ತಿಗೂ ಕಿವಿಯಲ್ಲಿದೆ. ಆದರೆ ಕಲಿಯೋಕೆ ಸಿಕ್ಕಿದ್ದು 2019ರಲ್ಲಿ. ಅದೇ ಕಂಠೀರವದಲ್ಲಿ ಎ ಡಿವಿಷನ್ ನಡೆಯಿತು, ಭಾರತ ಎಂಟಕ್ಕೆ ಎಂಟನೇ ಸ್ಥಾನ, ಜಪಾನ್ ಫೈನಲ್‌ನಲ್ಲಿ ತಮಗಿಂತ ಎತ್ತರದ ಚೀನಾವನ್ನು ಸೋಲಿಸಿತು. ಬಸ್ ಮಾಡಿಕೊಂಡು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಬುಟ್ಟಿ ನೋಡಬೇಡಿ, ಬಾಲ್ ಇಲ್ಲದವರ ಕಾಲು ನೋಡಿ ಅಂತ ಹೇಳಿ ಕೂರಿಸಿದೆ. ಬಾಲ್ ಕೈಲಿಲ್ಲದ ಜಪಾನಿ ಆಟಗಾರ್ತಿ ಒಂದು ಗಳಿಗೆ ನಿಂತಲ್ಲಿ ನಿಲ್ಲಲ್ಲ. ಎರಡು ವರ್ಷ ಕಳೆದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಜಪಾನ್ ಬೆಳ್ಳಿ ಗೆದ್ದಿತು.

ಈಗ ಮಂಡಿ ವಿಷಯ. ಹೆಣ್ಣುಮಕ್ಕಳಲ್ಲಿ ಎಸಿಎಲ್, ಅಂದರೆ ಮಂಡಿಯೊಳಗಿನ ಲಿಗಮೆಂಟ್, ಹರಿಯೋದು ಹುಡುಗರಿಗಿಂತ ಜಾಸ್ತಿ. ಅದೂ ಯಾರೂ ಗುದ್ದದೆ, ಹಾರಿ ಇಳಿಯುವಾಗಲೇ. ನನ್ನ ಟೆಸ್ಟ್ ಸಲೀಸು. ಕ್ಲಾಸ್‌ರೂಮಿನ ಬೆಂಚು ತಂದು ಇಡುತ್ತೇನೆ, ಮೇಲೆ ನಿಂತು ಕೆಳಗೆ ಹೆಜ್ಜೆ ಇಟ್ಟು, ಎರಡೂ ಕಾಲಲ್ಲಿ ಇಳಿದು, ತಕ್ಷಣ ಮೇಲಕ್ಕೆ ಹಾರಬೇಕು. ಎದುರಿನಿಂದ ಮೊಬೈಲ್‌ನಲ್ಲಿ ಸ್ಲೋ ಮೋಷನ್ ತೆಗೆಯುತ್ತೇನೆ. ಇಳಿದ ಕ್ಷಣ ಎರಡು ಮಂಡಿ ಒಳಗೆ ಬಾಗಿ ಒಂದಕ್ಕೊಂದು ಹತ್ತಿರ ಬಂದರೆ ಅವಳಿಗೆ ಮ್ಯಾಚ್ ಇಲ್ಲ. ಸೊಂಟ, ತೊಡೆ ಹಿಂಭಾಗ ಗಟ್ಟಿಯಾಗುವ ತನಕ ಸ್ಕ್ವಾಟ್, ಲಂಜ್, ಮೆತ್ತಗೆ ಇಳಿಯೋ ಅಭ್ಯಾಸ. ಇಳಿಯುವಾಗ ಸದ್ದು ಬರಬಾರದು ಅಂತ ಒಂದೇ ಮಾತು ಹೇಳಿದರೂ ಅರ್ಧ ಸರಿಯಾಗುತ್ತದೆ. ನಮ್ಮ ಕೋರ್ಟ್ ಸಿಮೆಂಟಿನದು, ಇದನ್ನು ಬಿಟ್ಟರೆ ಬೇರೆ ದಾರಿ ಇಲ್ಲ.

ರಕ್ತ ಪರೀಕ್ಷೆಯನ್ನೂ ವರ್ಷದ ಮೊದಲೇ ಮಾಡಿಸುತ್ತೇನೆ. ಎರಡು ರೌಂಡು ಓಡಿ ಕೂತುಬಿಡೋ ಹುಡುಗಿಯನ್ನು ಸೋಮಾರಿ ಅಂತ ಬೈಯೋದು ಸುಲಭ. ಹಿಮೋಗ್ಲೋಬಿನ್ ನೋಡಿದರೆ ಎಂಟೋ ಒಂಬತ್ತೋ ಇರುತ್ತದೆ. ಡಾಕ್ಟರ್ ಹತ್ತಿರ ಕಳಿಸಿ ಕಬ್ಬಿಣದ ಮಾತ್ರೆ ಬರೆಸಿ, ಮಾತ್ರೆ ನುಂಗಿ ಒಂದು ಗಂಟೆ ಕಾಫಿ, ಟೀ ಮುಟ್ಟಬೇಡ ಅಂತ ಕಾದು ನಿಂತರೆ ಕೆಲವು ತಿಂಗಳಲ್ಲಿ ಅದೇ ಹುಡುಗಿ ನಾಲ್ಕೂ ಕ್ವಾರ್ಟರ್ ಓಡುತ್ತಾಳೆ. ಮುಟ್ಟಿನ ದಿನ ಯಾವುದು ಅಂತ ಮುಚ್ಚುಮರೆ ಇಲ್ಲದೆ ಹೇಳುವ ಹಾಗೆ ಮಾಡಿದ್ದೇನೆ, ಕಿಟ್ ಬ್ಯಾಗಿನಲ್ಲಿ ಕ್ರೇಪ್ ಬ್ಯಾಂಡೇಜ್ ಪಕ್ಕದಲ್ಲೇ ಪ್ಯಾಡ್ ಇರುತ್ತದೆ. ಈ ಒಂದು ಕಾರಣಕ್ಕಾದರೂ ಹೆಣ್ಣುಮಕ್ಕಳ ತಂಡದ ಜೊತೆ ಒಬ್ಬ ಹೆಂಗಸು ಇರಲೇಬೇಕು.

ಅಪ್ಪ-ಅಮ್ಮಂದಿರ ಜೊತೆ ಮಾತಾಡೋದು ಕೋಚಿಂಗ್‌ನಷ್ಟೇ ಕೆಲಸ. ಫೈನಲ್ ಇಯರ್ ಅಂದರೆ ಸಂಬಂಧ ನೋಡೋ ಕಾಲ. ಒಬ್ಬ ಅಪ್ಪ ಜಾತ್ರೆ ದಿನ ಕಾಲೇಜಿಗೇ ಬಂದಿದ್ದರು. “ಮೇಡಂ, ಆಟ ಎಲ್ಲ ಚೆನ್ನಾಗೇ ಐತೆ. ಚಡ್ಡಿ ಹಾಕ್ಕೊಂಡು ಆಡೋ ಫೋಟೋ ಪೇಪರ್‌ನಾಗೆ ಬಂದ್ರೆ ನೆಂಟರು ಏನಂತಾರೆ?” ನಾನು ವಾದ ಮಾಡಲಿಲ್ಲ. “ಅಣ್ಣಾ, ಲೆಗ್ಗಿಂಗ್ಸ್ ಹಾಕ್ಕೊಂಡು ಆಡಲಿ, ರೂಲ್ಸ್‌ನಲ್ಲಿ ತೊಂದ್ರೆ ಇಲ್ಲ. ರೈಲ್ವೆಯವರು ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ತಗೋತಾರೆ, ಆ ನೋಟಿಫಿಕೇಷನ್ ಒಂದ್ಸಲ ಓದಿ” ಅಂತ ಹೇಳಿ ಪ್ರಿಂಟ್ ಕೈಗಿಟ್ಟೆ. ಆಟದಿಂದ ಆತ್ಮವಿಶ್ವಾಸ ಬರುತ್ತೆ ಅಂತ ಭಾಷಣ ಮಾಡಿದ್ದರೆ ಎದ್ದು ಹೋಗುತ್ತಿದ್ದರು. ನೌಕರಿ ಮಾತು ಬೇರೆ. ಕೆಲಸ ಸಿಕ್ಕೇ ಸಿಗುತ್ತದೆ ಅಂತ ಮಾತ್ರ ಯಾರಿಗೂ ಹೇಳಿಲ್ಲ, ಹೇಳಲೂಬಾರದು. ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಆಡಿದ್ದನ್ನು ಹೇಳುತ್ತೇನೆ, ಆದರೆ ಆ ದಾರಿ ಚಿಕ್ಕ ವಯಸ್ಸಿನಲ್ಲೇ ಶುರು ಮಾಡಿದವರಿಗೆ, ಹದಿನೆಂಟಕ್ಕೆ ಬಾಲ್ ಹಿಡಿದವರಿಗಲ್ಲ.

ಟೈಮ್ ಔಟ್ ಬಗ್ಗೆ ಹೊಸ ಕೋಚ್‌ಗಳು ಕೇಳುತ್ತಾರೆ. ಒಂದು ನಿಮಿಷ ಅಂತ ಹೆಸರು, ಅವರು ಬಂದು ಕೂತು ನೀರು ಕುಡಿಯೋ ಹೊತ್ತಿಗೆ ಇಪ್ಪತ್ತು ಸೆಕೆಂಡ್ ಹೋಗಿರುತ್ತದೆ. ನಾನು ಎರಡೇ ಮಾತು ಹೇಳುತ್ತೇನೆ, ಒಂದು ಡಿಫೆನ್ಸ್‌ಗೆ, ಒಂದು ಅಟ್ಯಾಕ್‌ಗೆ. “ಅವಳ ಬಲಗೈ ಮುಚ್ಚು.” “ಬಾಲ್ ಒಳಗೆ ಕೊಟ್ಟು ಕಟ್ ಮಾಡು.” ಆಮೇಲೆ ಕ್ಯಾಪ್ಟನ್ ಮಾತಾಡುತ್ತಾಳೆ. ಫೌಲ್ ಎಷ್ಟಾಗಿದೆ ಅನ್ನೋದು ಬೆಂಚಿನಲ್ಲಿ ಕೂತ ಜೂನಿಯರ್ ಜವಾಬ್ದಾರಿ, ಕ್ವಾರ್ಟರ್‌ನಲ್ಲಿ ಐದನೇ ಟೀಮ್ ಫೌಲ್‌ನಿಂದ ಎದುರಾಳಿಗೆ ಫ್ರೀ ಥ್ರೋ. ಆಡದೆ ಕೂತ ಹುಡುಗಿಗೆ ಒಂದು ಕೆಲಸ ಇದ್ದರೆ ಮುಂದಿನ ವರ್ಷವೂ ತಂಡದಲ್ಲಿ ಇರುತ್ತಾಳೆ.

ಕಾಗದ ಪತ್ರ ಮರೆಯಬೇಡಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಪಿಯುಸಿ ಮಾರ್ಕ್ಸ್ ಕಾರ್ಡ್, ಫೋಟೋ, ಪ್ರಿನ್ಸಿಪಾಲರ ಸೀಲು. ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ವಯಸ್ಸು 17ರಿಂದ 25ರ ಒಳಗಿರಬೇಕು. ಅಟೆಂಡೆನ್ಸ್ ಕೊಡಿಸೋಕೆ ಒಬ್ಬೊಬ್ಬ ಲೆಕ್ಚರರ್ ಹತ್ತಿರವೂ ನಾನೇ ಹೋಗುತ್ತೇನೆ, ಹುಡುಗಿಯರನ್ನು ಕಳಿಸಲ್ಲ.

ಈ ವರ್ಷದ ಹೊಸ ಬ್ಯಾಚಿನಲ್ಲಿ ಐದಡಿ ಒಂಬತ್ತಂಗುಲದ ಒಬ್ಬಳಿದ್ದಾಳೆ. ವಾಲಿಬಾಲ್ ಆಡಿದವಳು, ಜಿಗಿತ ಚೆನ್ನಾಗಿದೆ, ಬೆಂಚಿನ ಟೆಸ್ಟ್‌ನಲ್ಲಿ ಮಂಡಿಯೂ ನೆಟ್ಟಗಿದೆ. ನಮ್ಮ ವಾಲಿಬಾಲ್ ಸರ್‌ಗೂ ಅವಳೇ ಬೇಕು. ಬೆಳಗ್ಗೆ ನನಗೆ, ಸಂಜೆ ನಿಮಗೆ ಅಂತ ಒಪ್ಪಂದಕ್ಕೆ ಕರೆದಿದ್ದೇನೆ, ಸೋಮವಾರ ಕ್ಯಾಂಟೀನಿನಲ್ಲಿ ಮಾತುಕತೆ. ಕಾಫಿ ದುಡ್ಡು ನನ್ನದೇ.