ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂದಾಗ ನಾನು ರಿಪೋರ್ಟ್ ಓದಿದ ರೀತಿ

ಲಿವರ್‌ನ ರಕ್ತ ಪರೀಕ್ಷೆ (ಎಲ್‌ಎಫ್‌ಟಿ) ರಿಪೋರ್ಟಲ್ಲಿ ಎಸ್‌ಜಿಒಟಿ 96, ಎಸ್‌ಜಿಪಿಟಿ 62 ಅಂತ ಎರಡು ಎಂಜೈಮ್‌ಗಳೂ ದಪ್ಪ ಅಕ್ಷರದಲ್ಲಿ ಬಂದಿತ್ತು, ಲಿಮಿಟ್ ಇದ್ದಿದ್ದು 40. ನಾನು ಮೊದಲು ಓದಿದ್ದು ಅವೆರಡನ್ನ ಬಿಟ್ಟು ಉಳಿದ ಸಾಲುಗಳನ್ನ. ಯಾಕಂದ್ರೆ ಈ ಎಂಜೈಮ್‌ಗಳು ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಹೇಳೋದೇ ಇಲ್ಲ, ಎಲ್ಲೋ ಜೀವಕೋಶಗಳಿಗೆ ಪೆಟ್ಟಾಗಿ ಒಳಗಿದ್ದದ್ದು ರಕ್ತಕ್ಕೆ ಸೋರಿದೆ ಅಂತಷ್ಟೇ ಹೇಳ್ತವೆ. ಕೆಲಸ ಹೇಗೆ ನಡೀತಿದೆ ಅಂತ ನೋಡೋಕೆ ಆಲ್ಬುಮಿನ್ (ಲಿವರ್ ತಯಾರಿಸೋ ಪ್ರೋಟೀನ್), ಬಿಲಿರುಬಿನ್ (ಲಿವರ್ ಹೊರಹಾಕೋ ಹಳದಿ ವಸ್ತು), ಜೊತೆಗೆ ಬೇರೆಯಾಗಿ ಮಾಡಿಸೋ ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡೋ ಟೆಸ್ಟ್) ಇದೆ. ನಂದು ಆಲ್ಬುಮಿನ್ 4.4, ಬಿಲಿರುಬಿನ್ 0.8, ಎರಡೂ ನಾರ್ಮಲ್.

ಆಮೇಲೆ ಎಎಲ್‌ಪಿ, ಜಿಜಿಟಿ ಅನ್ನೋ ಇನ್ನೆರಡು ಎಂಜೈಮ್ ನೋಡ್ದೆ. ಪಿತ್ತನಾಳದಲ್ಲಿ ಅಡ್ಡಿ ಇದ್ರೆ ಸಾಮಾನ್ಯವಾಗಿ ಇವೆರಡೂ ಒಟ್ಟಿಗೆ ಏರ್ತವೆ, ಎಎಲ್‌ಪಿ ಒಂದೇ ಏರಿದ್ರೆ ಮೂಳೆಯಿಂದಲೂ ಬಂದಿರಬಹುದು (ಬೆಳೆಯೋ ಮಕ್ಕಳಲ್ಲಿ, ಗರ್ಭಿಣಿಯರಲ್ಲಿ ಅದು ಸಹಜವಾಗೇ ಜಾಸ್ತಿ ಇರುತ್ತೆ). ಅವೂ ಸರಿಯಾಗೇ ಇದ್ವು.

ಈಗ ಉಳಿದಿದ್ದು ಒಂದೇ ಪ್ರಶ್ನೆ, ಎಸ್‌ಜಿಒಟಿ ಯಾಕೆ ಎಸ್‌ಜಿಪಿಟಿಗಿಂತ ಮೇಲಿದೆ? ಫ್ಯಾಟಿ ಲಿವರ್ ಶುರುವಿನಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿನೇ ಜಾಸ್ತಿ ಇರುತ್ತೆ, ಕುಡಿತದಿಂದ ಹಾಳಾದಾಗ ಎಸ್‌ಜಿಒಟಿ ಹೆಚ್ಚಾಗಿ ಎಸ್‌ಜಿಪಿಟಿಯ ಎರಡು ಪಟ್ಟು ದಾಟುತ್ತೆ, ನಾನು ಕುಡಿಯಲ್ಲ. ಆದ್ರೆ ಎಸ್‌ಜಿಪಿಟಿ ಮುಖ್ಯವಾಗಿ ಲಿವರ್‌ದು, ಎಸ್‌ಜಿಒಟಿ ಮಾತ್ರ ಸ್ನಾಯು, ಹೃದಯ, ಕೆಂಪು ರಕ್ತಕಣ ಎಲ್ಲದರಲ್ಲೂ ಬೇಕಾದಷ್ಟಿದೆ, ಸ್ಯಾಂಪಲ್ ತೆಗೆಯುವಾಗ ರಕ್ತಕಣ ಒಡೆದ್ರೂ ಏರುತ್ತೆ. ನಾನು ಆ ವಾರವೇ ಬಹಳ ಗ್ಯಾಪ್ ಆದ್ಮೇಲೆ ಜಿಮ್‌ನಲ್ಲಿ ಭಾರ ಎತ್ತೋಕೆ ಶುರು ಮಾಡಿದ್ದೆ, ತೊಡೆ ಇನ್ನೂ ನೋಯ್ತಿತ್ತು. ಡಾಕ್ಟರ್ ಹತ್ರ ಇದನ್ನೇ ಹೇಳಿ "ಸಿಕೆ ಟೆಸ್ಟ್ ಮಾಡಿಸ್ಬಹುದಾ ಸರ್" ಅಂತ ಕೇಳ್ದೆ (ಸಿಕೆ ಅಂದ್ರೆ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರೋ ಎಂಜೈಮ್), ಅವರೂ ಬರೆದುಕೊಟ್ರು, ಸಿಕೆ ಸಾವಿರಗಳಲ್ಲಿ ಬಂತು. ಅಲ್ಲಿಗೆ ಸ್ನಾಯುವಿನ ಕಡೆಗೇ ಬೊಟ್ಟು ಮಾಡಿತು. ನೀರು ಚೆನ್ನಾಗಿ ಕುಡೀರಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ರೆ ತಕ್ಷಣ ಬನ್ನಿ ಅಂದ್ರು.

ವ್ಯಾಯಾಮ ನಿಲ್ಲಿಸಿ ಮತ್ತೆ ಟೆಸ್ಟ್ ಮಾಡಿಸಿದಾಗ ಎಸ್‌ಜಿಒಟಿ ನಾರ್ಮಲ್‌ಗೆ ಬಂದಿತ್ತು, ಎಸ್‌ಜಿಪಿಟಿ ಸ್ವಲ್ಪ ಮೇಲೇ ಇತ್ತು. ಇದಕ್ಕೂ ಕಾರಣ ಇದೆ, ರಕ್ತದಲ್ಲಿ ಎಸ್‌ಜಿಒಟಿ ಅರ್ಧಕ್ಕೆ ಇಳಿಯೋಕೆ ಸುಮಾರು 17 ಗಂಟೆ ಸಾಕು, ಎಸ್‌ಜಿಪಿಟಿಗೆ ಸುಮಾರು 47 ಗಂಟೆ ಬೇಕು. ಮುಂದಿನ ಟೆಸ್ಟಲ್ಲಿ ಅದೂ ಇಳೀತು.

ಇದರ ಉಲ್ಟಾನೂ ನಿಜ, ಅದೇ ನಂಗೆ ಹೆಚ್ಚು ಮುಖ್ಯ ಅನ್ಸುತ್ತೆ: ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗೋ ಕಾಯಿಲೆ) ಇದ್ರೂ ಎಂಜೈಮ್ ನಾರ್ಮಲ್ ಬರಬಹುದು. ಹಾಗಾಗಿ ಶುಗರ್, ತೂಕ ಜಾಸ್ತಿ ಇರೋರು ಎರಡು ಸಂಖ್ಯೆ ಸರಿ ಇದೆ ಅಂತ ಸುಮ್ಮನಾಗದೆ ಫಿಬ್-4 ಅನ್ನೋ ಸ್ಕೋರ್ ಬಗ್ಗೆ ಡಾಕ್ಟರನ್ನ ಕೇಳಿ, ವಯಸ್ಸು, ಪ್ಲೇಟ್‌ಲೆಟ್, ಈ ಎರಡು ಎಂಜೈಮ್ ಇಟ್ಕೊಂಡು ಲೆಕ್ಕ ಹಾಕ್ತಾರೆ, 1.3ಕ್ಕಿಂತ ಕಡಿಮೆ ಬಂದ್ರೆ ಲಿವರ್ ತುಂಬಾ ಗಟ್ಟಿಯಾಗಿರೋ ಸಾಧ್ಯತೆ ಕಡಿಮೆ. ಹೋಗುವಾಗ ತಗೊಳ್ತಿರೋ ಮಾತ್ರೆ, ಪ್ರೋಟೀನ್ ಪೌಡರ್, ಗಿಡಮೂಲಿಕೆ ಔಷಧಿ ಎಲ್ಲಾ ಬರ್ಕೊಂಡು ಹೋಗಿ. ಕಣ್ಣು ಹಳದಿಯಾಗಿದ್ರೆ ಮಾತ್ರ ಈ ಲೆಕ್ಕಾಚಾರ ಯಾವುದೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ.